ಪ್ಲಗ್ಗಿಗೆ ಸಿಕ್ಕಿಸಿದ ಸೌರಫಲಕ: ತುಮಕೂರಿನ ಬಾಡಿಗೆ ಮನೆಯೊಂದರ ಪ್ರಕರಣ

ಕಳೆದ ಬೇಸಿಗೆಯ ಕೊನೆಯಲ್ಲಿ ತುಮಕೂರಿನ ಬಟವಾಡಿಯ ಮನೆಯೊಂದಕ್ಕೆ ವಿದ್ಯುತ್ ಸರಬರಾಜು ಕಂಪನಿಯ ಸೆಕ್ಷನ್ ಕಚೇರಿಯಿಂದ ನೋಟಿಸು ಬಂತು. ಅದರಲ್ಲಿದ್ದದ್ದು ಎರಡೇ ವಾಕ್ಯ. ಸದರಿ ಆರ್.ಆರ್. ಸಂಖ್ಯೆಯ (ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆ) ಸ್ಥಾವರದಲ್ಲಿ ಅನುಮತಿಯಿಲ್ಲದೆ ಸೌರ ಉತ್ಪಾದನಾ ಉಪಕರಣವನ್ನು ಜೋಡಿಸಿರುವುದು ಕಂಡುಬಂದಿದೆ ಎಂಬುದು ಒಂದು. ಏಳು ದಿನಗಳೊಳಗೆ ಸಮಜಾಯಿಷಿ ನೀಡದಿದ್ದರೆ ಕಾನೂನು ಕ್ರಮ ಜರುಗಿಸಲಾಗುವುದು ಎಂಬುದು ಇನ್ನೊಂದು. ಯಾವ ಕಾನೂನು, ಯಾವ ಕಲಂ ಎಂಬುದನ್ನು ನೋಟಿಸು ಹೇಳಿರಲಿಲ್ಲ. ಅದನ್ನು ಹಿಡಿದುಕೊಂಡು ನನ್ನ ಕಚೇರಿಗೆ ಬಂದವರು ಮನೆಯ ಮಾಲೀಕರಲ್ಲ, ಮೇಲಿನ ಮಹಡಿಯ ಬಾಡಿಗೆದಾರರು. ವೃತ್ತಿಯಲ್ಲಿ ಅವರು ಖಾಸಗಿ ಕಾಲೇಜೊಂದರ ಉಪನ್ಯಾಸಕರು. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟು, ಪ್ರಕರಣವನ್ನು ಇಲ್ಲಿ ದಾಖಲಿಸಿದ್ದೇನೆ.

ನೋಟಿಸಿಗೆ ಕಾರಣವಾದ ವಸ್ತು ದೊಡ್ಡದೇನಲ್ಲ. 540 ವಾಟ್‌ನ ಒಂದು ಸೌರಫಲಕ, ಫಲಕದ ಡಿ.ಸಿ. ಕರೆಂಟನ್ನು ಮನೆ ಬಳಸುವ ಎ.ಸಿ. ಕರೆಂಟಾಗಿ ಬದಲಿಸಲು ಅದರ ಬೆನ್ನಿಗೆ ಬೋಲ್ಟ್ ಮಾಡಿದ ಪುಸ್ತಕದಷ್ಟು ಅಗಲದ ಮೈಕ್ರೋ ಇನ್ವರ್ಟರ್, ಅದರಿಂದ ಹೊರಟ ಐದು ಮೀಟರ್ ಕೇಬಲ್, ಕೇಬಲ್ಲಿನ ತುದಿಯಲ್ಲಿ ಸಾಮಾನ್ಯ ಮೂರು ಪಿನ್ನಿನ ಪ್ಲಗ್. ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿಯ ಕಂಬಿಗೆ ಫಲಕವನ್ನು ಕಟ್ಟಿ, ಪ್ಲಗ್ಗನ್ನು ವಾಷಿಂಗ್ ಮೆಷಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಕೆಲಸ ಮುಗಿಯಿತು. ಬಿಸಿಲಿದ್ದಾಗ ಇನ್ವರ್ಟರ್ ಮನೆಯ ವೈರಿಂಗ್ ಒಳಕ್ಕೆ ಕರೆಂಟು ಬಿಡುತ್ತದೆ. ಫ್ರಿಜ್ಜು, ಫ್ಯಾನು ಮೊದಲು ಅದನ್ನೇ ಬಳಸುತ್ತವೆ. ಉಳಿದದ್ದು ಮೀಟರ್ ದಾಟಿ ಬೀದಿಯ ಲೈನಿಗೆ ಹೋಗುತ್ತದೆ. ಜರ್ಮನಿಯಲ್ಲಿ ಲಕ್ಷಗಟ್ಟಲೆ ಬಾಲ್ಕನಿಗಳಲ್ಲಿ ಈಗ ಇಂಥದೇ ಸಾಧನವಿದೆ. ಇವರು ಅದನ್ನು ಮೂವತ್ತೆರಡು ಸಾವಿರ ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ್ದರು. ಅನುಮತಿ ಬೇಕೆ ಎಂದು ಮಾರಿದವರನ್ನು ಕೇಳಿದ್ದಕ್ಕೆ, ಒಂದು ಕಿಲೋವಾಟ್‌ಗಿಂತ ಕಡಿಮೆ ಇರುವುದಕ್ಕೆ ಏನೂ ಬೇಡ ಎಂಬ ಉತ್ತರ ಬಂದಿತ್ತಂತೆ.

ಉಪನ್ಯಾಸಕರು ಈ ಯೋಚನೆಗೆ ಬಂದ ದಾರಿಯೂ ತಿಳಿದಿರಲಿ. ಅವರ ಹೆಂಡತಿಯ ತವರು ಪಾವಗಡ ತಾಲ್ಲೂಕಿನ ತಿರುಮಣಿ ಕಡೆ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ನಿಂತಿದೆ. ಜಮೀನನ್ನು ರೈತರಿಂದ ಕೊಂಡದ್ದಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದದ್ದು. ಮಾವನ ಹೊಲ ಕರೆಂಟು ಬೆಳೆಯುತ್ತಿರುವಾಗ ತನ್ನ ಬಾಲ್ಕನಿ ಯಾಕೆ ಬೆಳೆಯಬಾರದು ಎಂಬುದು ಅವರ ಮಾತು. ಅದಕ್ಕಿಂತ ಹತ್ತಿರದ ಕಾರಣವೂ ಇತ್ತು. ಗೃಹಜ್ಯೋತಿಯಲ್ಲಿ ಈ ಮೇಲ್ಮನೆಯ ಮೀಟರಿಗೆ, 2022-23ರ ಸರಾಸರಿಯ ಮೇಲೆ ಶೇಕಡಾ 10 ಸೇರಿಸಿ, ತಿಂಗಳಿಗೆ 131 ಯೂನಿಟ್ ಉಚಿತ. ಮನೆಯ ಬಳಕೆ 118ರ ಆಸುಪಾಸಿನಲ್ಲಿದ್ದುದರಿಂದ ಬಿಲ್ಲು ಸೊನ್ನೆಯೇ ಬರುತ್ತಿತ್ತು. ಎಲೆಕ್ಟ್ರಿಕ್ ಸ್ಕೂಟರ್ ಕೊಂಡ ಮೇಲೆ ರಾತ್ರಿಯ ಚಾರ್ಜಿಂಗ್‌ಗೆ ತಿಂಗಳಿಗೆ ಮೂವತ್ತು ಯೂನಿಟ್ ಸೇರಿ 148ಕ್ಕೆ ಹೋಯಿತು. ಹದಿನೇಳು ಯೂನಿಟ್ಟಿಗೆ, ಆಗಿನ ದರ 5.80ರಂತೆ, 98 ರೂಪಾಯಿ 60 ಪೈಸೆ ತೆರಬೇಕಾಯಿತು. ಫಲಕ ತಿಂಗಳಿಗೆ 66 ಯೂನಿಟ್ ಕೊಟ್ಟರೆ ಬಳಕೆ 82ಕ್ಕೆ ಇಳಿಯುತ್ತದೆ ಎಂದು ಅವರು ಲೆಕ್ಕ ಹಾಕಿದ್ದರು. ಉತ್ಪಾದನೆಯ ಅಂದಾಜು ಸರಿಯಾಗಿಯೇ ಇತ್ತು. ಆದರೆ ಮುಂದಿನ ತಿಂಗಳ ಬಿಲ್ಲಿನಲ್ಲಿ ಬಂದದ್ದು 174 ಯೂನಿಟ್.

ನೋಟಿಸಿಗೆ ಉತ್ತರ ಬರೆಯುವ ಮೊದಲು ಆ 174ರ ಗುಟ್ಟು ತಿಳಿಯಬೇಕಾಗಿತ್ತು. ಪರವಾನಗಿ ಪಡೆದ ಪರಿಚಿತ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದುಕೊಂಡು ಒಂದು ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ಆ ಮನೆಗೆ ಹೋದೆ. ಅವರು ಮನೆಯೊಳಗಿನ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತು, ಸೌರಫಲಕದ ಪ್ಲಗ್ಗೊಂದನ್ನು ಮಾತ್ರ ಉಳಿಸಿದರು. ಕೇಬಲ್ಲಿನೊಳಗಿನ ಒಂದು ತಂತಿಗೆ ಕ್ಲ್ಯಾಂಪ್ ಮೀಟರ್ ಹಿಡಿದಾಗ 1.6 ಆಂಪಿಯರ್ ತೋರಿಸಿತು, ಅಂದರೆ ಸುಮಾರು 380 ವಾಟ್. ಮೆಟ್ಟಿಲ ಕೆಳಗಿನ ಮೀಟರ್ ಪೆಟ್ಟಿಗೆಯ ಮುಂದೆ ನಾವಿಬ್ಬರೂ ನಿಂತೆವು. ಮೀಟರಿನ ಮುಖದ ಮೇಲೆ ಒಂದು ಯೂನಿಟ್ಟಿಗೆ 3200 ಇಂಪಲ್ಸ್ ಎಂದು, ಅಂದರೆ ಅಷ್ಟು ಸಲ ಕೆಂಪು ಚುಕ್ಕೆ ಮಿನುಗುತ್ತದೆ ಎಂದು, ಅಚ್ಚಾಗಿತ್ತು. ಮನೆಯಲ್ಲಿ ಒಂದು ದೀಪವೂ ಉರಿಯುತ್ತಿಲ್ಲದಿದ್ದರೂ ಕೆಂಪು ಚುಕ್ಕೆ ಮೂರು ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು, ಪರದೆಯ ಮೂಲೆಯಲ್ಲಿ ರಿವರ್ಸ್ ಎಂಬುದರ ಗುರುತಾದ ಮೂರು ಅಕ್ಷರ ಕಾಣುತ್ತಿತ್ತು. ಮೂರು ಸೆಕೆಂಡಿಗೊಂದು ಎಂದರೆ ಗಂಟೆಗೆ 1,200 ಇಂಪಲ್ಸ್. 3200ರಿಂದ ಭಾಗಿಸಿದರೆ 375 ವಾಟ್, ಹೆಚ್ಚುಕಡಿಮೆ ಅದೇ ಅಂಕಿ. ಮೇಲೆ ಪ್ಲಗ್ ಕಿತ್ತ ಕೂಡಲೇ ಕೆಂಪು ಚುಕ್ಕೆ ನಿಂತುಹೋಯಿತು.

ಮನೆಯಿಂದ ಹೊರಕ್ಕೆ ಹೋದ ಪ್ರತಿ ಯೂನಿಟ್ಟನ್ನೂ ಮೀಟರ್ ಮನೆಯೊಳಕ್ಕೆ ಬಂದ ಯೂನಿಟ್ಟಿನಂತೆಯೇ ಎಣಿಸುತ್ತಿತ್ತು. ಹಗಲು ಮನೆಯಲ್ಲಿ ಯಾರೂ ಇರದ ಕಾರಣ 66ರಲ್ಲಿ ಇಪ್ಪತ್ತು ಮಾತ್ರ ಒಳಗೆ ಬಳಕೆಯಾಗಿ, 46 ಹೊರಗೆ ಹರಿದಿತ್ತು. 148ರಿಂದ ಇಪ್ಪತ್ತು ಕಳೆದು, ಕಳೆಯಬೇಕಾದ, ಇಲ್ಲವೇ ಕಡೇಪಕ್ಷ ಬಿಟ್ಟುಬಿಡಬೇಕಾದ 46ನ್ನು ಕೂಡಿಸಿದರೆ 174 ಬರುತ್ತದೆ. ಹೀಗೆ ಲೈನಿಗೆ ಪುಕ್ಕಟೆ ಕರೆಂಟು ಕೊಟ್ಟ ಮನೆಯೇ ಆ ಕರೆಂಟಿಗೆ ಹಣವನ್ನೂ ಕಟ್ಟಿತು. 98 ರೂಪಾಯಿಯ ಜಾಗದಲ್ಲಿ 249 ರೂಪಾಯಿ 40 ಪೈಸೆ.

ಇದು ಮೀಟರಿನ ದೋಷವಲ್ಲ, ಅದನ್ನು ಕಟ್ಟಿರುವುದೇ ಹಾಗೆ. ಹಳೆಯ ತಿರುಗುವ ತಟ್ಟೆಯ ಮೀಟರುಗಳ ಕಾಲದಲ್ಲಿ ತಂತಿ ಅದಲುಬದಲು ಮಾಡಿ ತಟ್ಟೆಯನ್ನು ಹಿಂದಕ್ಕೆ ತಿರುಗಿಸುವ ಕಳ್ಳತನ ನಡೆಯುತ್ತಿತ್ತು. ಅದನ್ನು ತಡೆಯಲೆಂದು, ಕರೆಂಟು ಯಾವ ದಿಕ್ಕಿಗೆ ಹರಿದರೂ ಮುಂದಕ್ಕೇ ಎಣಿಸುವ, ಹಿಮ್ಮುಖ ಹರಿವನ್ನು ಮೀಟರ್ ತಿದ್ದಿ ಮೋಸ ಮಾಡಿದ ಘಟನೆಯೆಂದು ನೆನಪಿನಲ್ಲಿಟ್ಟುಕೊಳ್ಳುವ ಸ್ಟ್ಯಾಟಿಕ್ (ಎಲೆಕ್ಟ್ರಾನಿಕ್) ಮೀಟರುಗಳು ನಮ್ಮ ಮನೆಗಳಿಗೆ ಬಂದವು. ಮೀಟರ್ ರೀಡರ್ ಕಂಡದ್ದೂ ಆ ಗುರುತನ್ನೇ. ಮನೆಯೊಡತಿ ಆವತ್ತು ಬಾಗಿಲಲ್ಲೇ ಇದ್ದರು. ನೋಟಿಸು ಬಂದ ದಿನ ಅವರು ಬಾಡಿಗೆದಾರರನ್ನು ಕೇಳಿದ ಮಾತು, "ಮೇಷ್ಟ್ರೇ, ನಮ್ಮನೆ ಮೀಟರ್‌ನಲ್ಲಿ ಕಳ್ಳತನ ತೋರಿಸ್ತೈತಂತೆ, ಏನ್ ಮಾಡಿದ್ದೀರ?"

ಆ ಪ್ರಶ್ನೆಯನ್ನೇ ಕಾನೂನಿನ ಮುಂದಿಟ್ಟು ನೋಡೋಣ. 2003ರ ವಿದ್ಯುಚ್ಛಕ್ತಿ ಕಾಯ್ದೆ ವಿದ್ಯುತ್ ಉತ್ಪಾದನೆಯನ್ನು ಪರವಾನಗಿಯಿಂದ ಮುಕ್ತಗೊಳಿಸಿದೆ. ಸಾಗಣೆಗೆ, ವಿತರಣೆಗೆ, ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಉತ್ಪಾದನೆಗೆ ಬೇಡ; ಸ್ವಂತ ಬಳಕೆಗೆ ಉತ್ಪಾದಿಸುವ ಹಕ್ಕನ್ನು ಕಲಂ 9 ಬೇರೆಯಾಗಿಯೇ ಹೇಳುತ್ತದೆ. ಹಾಗಾಗಿ ಬಾಲ್ಕನಿಯಲ್ಲಿ ಕರೆಂಟು ತಯಾರಿಸಿದ್ದೇ ಅಪರಾಧ ಎನ್ನುವ ವಾದಕ್ಕೆ ಆಧಾರವಿಲ್ಲ. ಆದರೆ ತಯಾರಿಸುವುದು ಬೇರೆ, ತಯಾರಿಸಿದ್ದನ್ನು ಗ್ರಿಡ್ಡಿಗೆ, ಅಂದರೆ ಕಂಪನಿಯ ವಿದ್ಯುತ್ ಜಾಲಕ್ಕೆ, ಜೋಡಿಸುವುದು ಬೇರೆ. ಜೋಡಣೆಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ತಾಂತ್ರಿಕ ಮಾನದಂಡಗಳ ನಿಯಮಾವಳಿ ಇದೆ, 2019ರಲ್ಲಿ ಅದು ತಿದ್ದುಪಡಿಯಾಗಿದೆ. ಅದರ ತಿರುಳು ಒಂದು ಭಯದ ಸುತ್ತ ಇದೆ: ಲೈನ್ ಆಫ್ ಆಗಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ನಿಗೆ ಯಾರದೋ ಮನೆಯ ಇನ್ವರ್ಟರಿನಿಂದ ಹಿಂದಕ್ಕೆ ಬಂದ ಕರೆಂಟು ಹೊಡೆಯಬಾರದು. ಗ್ರಿಡ್ ಸತ್ತ ಎರಡು ಸೆಕೆಂಡಿನೊಳಗೆ ಉಪಕರಣ ತಾನಾಗಿ ಕರೆಂಟು ನಿಲ್ಲಿಸಬೇಕೆಂಬ ನಿಯಮ ಈ ಕಾರಣಕ್ಕೇ ಬಂದದ್ದು. ಆ ಗುಣವನ್ನು ಪರೀಕ್ಷಿಸುವ ಭಾರತೀಯ ಮಾನಕ ಐ.ಎಸ್. 16169, ಇನ್ವರ್ಟರಿನ ಸುರಕ್ಷತೆಗೆ ಐ.ಎಸ್. 16221. ಸೌರ ಉಪಕರಣಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿಯನ್ನು ಕಡ್ಡಾಯಗೊಳಿಸುವ ಕೇಂದ್ರದ ಆದೇಶ ಮೊದಲು ಬಂದದ್ದು 2017ರಲ್ಲಿ.

ನಮ್ಮ ಎಲೆಕ್ಟ್ರಿಷಿಯನ್ ಇದನ್ನು ತಮ್ಮ ರೀತಿಯಲ್ಲಿ ಪರೀಕ್ಷಿಸಿದರು. ಬಿಸಿಲು ಚುರುಕಾಗಿರುವಾಗಲೇ ಪ್ಲಗ್ಗನ್ನು ಕಿತ್ತು, ಹೊರಬಂದ ಪಿನ್ನಿಗೆ ಟೆಸ್ಟರ್ ಇಟ್ಟರು, ದೀಪ ಹತ್ತಲಿಲ್ಲ. ಉಪಕರಣ ಮಾಡಬೇಕಾದದ್ದನ್ನು ಮಾಡುತ್ತಿತ್ತು. ಆದರೆ ಕಾನೂನು ಕೇಳುವುದು ಟೆಸ್ಟರಿನ ಸಾಕ್ಷ್ಯವನ್ನಲ್ಲ, ಪ್ರಮಾಣಪತ್ರವನ್ನು. ಇನ್ವರ್ಟರಿನ ಬೆನ್ನಿನ ಚೀಟಿಯಲ್ಲಿ ಯುರೋಪಿನ ಗುರುತು ಇತ್ತು, ಭಾರತೀಯ ನೋಂದಣಿ ಸಂಖ್ಯೆ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದಲ್ಲಿ ಬಾಡಿಗೆದಾರರ ಅತ್ಯಂತ ದುರ್ಬಲ ಎಳೆ ಇದೇ. ಅವರು ಮೊದಲ ವಾರ ಫಲಕವನ್ನು ಯು.ಪಿ.ಎಸ್. ಲೈನಿನ ಸಾಕೆಟ್ಟಿಗೆ ಸಿಕ್ಕಿಸಿದ್ದರಂತೆ. ಕರೆಂಟು ಹೋದಾಗ ಯು.ಪಿ.ಎಸ್. ಕೊಡುವ ವಿದ್ಯುತ್ತನ್ನೇ ಗ್ರಿಡ್ ಎಂದು ಭಾವಿಸಿ ಇನ್ವರ್ಟರ್ ಅದರೊಳಕ್ಕೆ ಕರೆಂಟು ತಳ್ಳಿದ್ದರಿಂದ ಯು.ಪಿ.ಎಸ್. ಬೀಪ್ ಹೊಡೆದು ಟ್ರಿಪ್ ಆಗಿತ್ತು. ಮನೆಮನೆಯಲ್ಲೂ ಯು.ಪಿ.ಎಸ್. ಇರುವ ನಮ್ಮ ಊರಿಗೂ ಜರ್ಮನಿಯ ಊರಿಗೂ ಇರುವ ಈ ವ್ಯತ್ಯಾಸವನ್ನು ಮಾರುವವರು ಹೇಳುವುದಿಲ್ಲ.

ಇನ್ನು ಅನುಮತಿಯ ಮಾತು. 2020ರ ಡಿಸೆಂಬರ್ 31ರಂದು ಹೊರಬಿದ್ದ ಗ್ರಾಹಕರ ಹಕ್ಕುಗಳ ನಿಯಮಗಳು, ಗ್ರಿಡ್ಡಿನಿಂದ ಕರೆಂಟು ಪಡೆಯುತ್ತ ಅದೇ ಸಂಪರ್ಕದಿಂದ ಗ್ರಿಡ್ಡಿಗೆ ಕೊಡಲೂ ಬಲ್ಲವನನ್ನು ಪ್ರೋಸ್ಯೂಮರ್ ಎಂದು ಕರೆದು, ಸೌರ ಘಟಕ ಹಾಕಿಕೊಳ್ಳುವುದನ್ನು ಅವನ ಹಕ್ಕೆಂದೇ ಹೇಳಿವೆ. 2024ರ ಫೆಬ್ರುವರಿಯ ತಿದ್ದುಪಡಿ ಇನ್ನೂ ಮುಂದೆ ಹೋಗಿ, 10 ಕಿಲೋವಾಟ್‌ವರೆಗಿನ ಛಾವಣಿ ಘಟಕದ ಅರ್ಜಿಗೆ ತಾಂತ್ರಿಕ ಕಾರ್ಯಸಾಧ್ಯತೆಯ ಅಧ್ಯಯನವೇ ಬೇಡ, ಅರ್ಜಿ ಸ್ವೀಕೃತವಾಯಿತೆಂದೇ ಭಾವಿಸತಕ್ಕದ್ದು ಎಂದಿತು. ಮಾರಾಟಗಾರರ ಮಾತಿಗೆ ಬೇರು ಬಹುಶಃ ಇಲ್ಲಿದೆ. ಆದರೆ ಅಧ್ಯಯನ ಬೇಡ ಎಂದಿರುವುದನ್ನು ಅರ್ಜಿಯೇ ಬೇಡ ಎಂದು ಓದುವುದು ತಪ್ಪು. ಅರ್ಜಿ, ಒಪ್ಪಂದ, ಎರಡೂ ದಿಕ್ಕನ್ನು ಬೇರೆ ಬೇರೆ ಎಣಿಸುವ ಮೀಟರ್, ಚಾಲನೆ ಎಂಬ ಹಂತಗಳು ಹಾಗೆಯೇ ಉಳಿದಿವೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2016ರ ಛಾವಣಿ ಸೌರ ನಿಯಮಾವಳಿಯೂ ಕಂಪನಿಯೊಡನೆ ಇಪ್ಪತ್ತೈದು ವರ್ಷದ ಒಪ್ಪಂದವನ್ನು ಕಲ್ಪಿಸಿಕೊಂಡು ಬರೆದದ್ದು. ಅದರ ಕಣ್ಣ ಮುಂದಿರುವುದು ಆರ್.ಸಿ.ಸಿ. ಮೇಲೆ ಸ್ಟ್ಯಾಂಡ್ ನಿಲ್ಲಿಸಿ ಕಿಲೋವಾಟ್ ಲೆಕ್ಕದಲ್ಲಿ ಹಾಕಿಸುವ ಘಟಕ, ಪ್ಲಗ್ ಇರುವ ಫಲಕವಲ್ಲ. ಹೀಗಾಗಿ ಈ ಸಾಧನವನ್ನು ನಿಷೇಧಿಸುವ ಸಾಲೂ ಇಲ್ಲ, ಅದಕ್ಕೆ ಹೊಂದುವ ನಮೂನೆಯೂ ಇಲ್ಲ. ಇದನ್ನು ಕಾನೂನುಬಾಹಿರ ಎನ್ನುವುದು ಹೆಚ್ಚಾಯಿತು, ಕಾನೂನುಬದ್ಧ ಎನ್ನುವುದು ಸುಳ್ಳಾಯಿತು. ಅನುಮತಿಯಿಲ್ಲದ ಜೋಡಣೆ ಎಂಬುದಷ್ಟೇ ಖಚಿತವಾಗಿ ಹೇಳಬಹುದಾದ ಮಾತು.

2003ರ ಕಾಯ್ದೆಯಿಂದ ಇಲ್ಲಿಗೆ ತಾಗಬಹುದಾದ ದಂಡನೆಯ ಕಲಮುಗಳು ಎರಡು, ಮತ್ತು ನೋಟಿಸಿನ ಮೌನದಲ್ಲಿ ಬಾಡಿಗೆದಾರರನ್ನು ಹೆದರಿಸಿದ್ದು ಇವೇ. ಕಲಂ 126 ಅನಧಿಕೃತ ಬಳಕೆಗೆ ದರದ ಎರಡು ಪಟ್ಟು ವಿಧಿಸುತ್ತದೆ. ಅವಧಿ ಗೊತ್ತಾಗದಿದ್ದರೆ ಹನ್ನೆರಡು ತಿಂಗಳ ಲೆಕ್ಕ ಹಾಕಬಹುದು. ಕಂಪನಿ ಅಧಿಕೃತಗೊಳಿಸದ ವಿಧಾನದಿಂದ ಬಳಸುವುದು ಎಂಬ ಮಾತು ಅಲ್ಲಿನ ವಿವರಣೆಯಲ್ಲಿ ಇದೆ. ಆದರೆ ಅದು ಬಳಕೆಯ ಬಗೆಗಿನ ಕಲಂ. ಇಲ್ಲಿ ಆಕ್ಷೇಪವಿರುವುದು ಬಳಸಿದ್ದಕ್ಕಲ್ಲ, ಕೊಟ್ಟದ್ದಕ್ಕೆ. ಕಲಂ 135 ಕಳ್ಳತನದ್ದು. ಮೀಟರ್ ತಿದ್ದುವ ಸಾಧನಗಳನ್ನು ಪಟ್ಟಿ ಮಾಡುವಾಗ ಅದು ಕರೆಂಟನ್ನು ಹಿಮ್ಮುಖಗೊಳಿಸುವ ಟ್ರಾನ್ಸ್‌ಫಾರ್ಮರನ್ನು ಹೆಸರಿಟ್ಟು ಹೇಳುತ್ತದೆ, ಮತ್ತು ಸರಿಯಾದ ಎಣಿಕೆಗೆ ಅಡ್ಡಬರುವ ಇನ್ನಾವುದೇ ಸಾಧನ ಅಥವಾ ವಿಧಾನವನ್ನೂ ಸೇರಿಸುತ್ತದೆ. 2003ರಲ್ಲಿ ಕಾಯ್ದೆ ಬರೆದವರಿಗೆ ಮನೆಯ ಕಡೆಯಿಂದ ಹಿಂದಕ್ಕೆ ಹರಿಯುವ ಕರೆಂಟು ಎಂದರೆ ಕಳ್ಳತನದ ಕುರುಹೇ ಆಗಿತ್ತು. ಮೆಟ್ಟಿಲ ಕೆಳಗಿನ ಮೀಟರೂ ಅದೇ ನಂಬಿಕೆಯನ್ನು ತನ್ನ ಎಲೆಕ್ಟ್ರಾನಿಕ್ ಚಿಪ್‌ನೊಳಗೆ ಇಟ್ಟುಕೊಂಡಿದೆ. ಆದರೆ ಕಳ್ಳತನಕ್ಕೆ ಅಪ್ರಾಮಾಣಿಕ ಉದ್ದೇಶ ಬೇಕು. ಹಳೆಯ ತಟ್ಟೆಯ ಮೀಟರ್ ಇದ್ದು, ಫಲಕ ಅದನ್ನು ಹಿಂದಕ್ಕೆ ತಿರುಗಿಸಿ, ಗೊತ್ತಿದ್ದೂ ಆ ಮನೆಯವರು ಸುಮ್ಮನಿದ್ದಿದ್ದರೆ ವಾದ ಕಷ್ಟವಾಗುತ್ತಿತ್ತು. ಇಲ್ಲಿ ಆರೋಪಿಯ ಬಿಲ್ಲೇ ಏರಿದೆ. ತನ್ನ ಮನೆಗೇ ಕನ್ನ ಹಾಕಿಕೊಂಡ ಕಳ್ಳನನ್ನು ಯಾವ ನ್ಯಾಯಾಲಯವೂ ಕಂಡಿರಲಾರದು.

ಇದೇ ಸಾಧನ ಬೇರೆಡೆ ಹೇಗೆ ಕಾನೂನಿನೊಳಗೆ ಬಂತು ಎಂಬುದನ್ನು ಉತ್ತರದಲ್ಲಿ ಬರೆಯಲಿಲ್ಲ, ಏಕೆಂದರೆ ಸೆಕ್ಷನ್ ಕಚೇರಿಗೆ ಅದರಿಂದ ಪ್ರಯೋಜನವಿಲ್ಲ, ಓದುಗರಿಗೆ ಇದೆ. ಜರ್ಮನಿ 2024ರ ಮೇ ತಿಂಗಳಿನಿಂದ 800 ವಾಟ್‌ವರೆಗಿನ ಇನ್ವರ್ಟರಿಗೆ ಕೇಂದ್ರ ನೋಂದಣಿಯಲ್ಲಿ ಆನ್‌ಲೈನ್ ದಾಖಲೆ ಮಾಡಿದರೆ ಸಾಕು ಎಂದಿತು, ಮತ್ತು ಹಳೆಯ ಮೀಟರ್ ಬದಲಾಗುವವರೆಗೆ ಅದು ಹಿಂದಕ್ಕೆ ತಿರುಗಿದರೂ ಸಹಿಸಿಕೊಳ್ಳಲು ಒಪ್ಪಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಾಡಿಗೆ ಕಾನೂನನ್ನೂ ತಿದ್ದಿ, ತಕ್ಕ ಕಾರಣವಿಲ್ಲದೆ ಮಾಲೀಕ ಬೇಡ ಎನ್ನುವಂತಿಲ್ಲ ಎಂದು ಮಾಡಿತು. ಅಮೆರಿಕದ ಯೂಟಾ ರಾಜ್ಯ 2025ರಲ್ಲಿ 1,200 ವಾಟ್‌ವರೆಗಿನ ಪ್ಲಗ್ ಸೌರ ಸಾಧನಕ್ಕೆ ಗ್ರಿಡ್ ಜೋಡಣೆ ಒಪ್ಪಂದದಿಂದಲೂ ಶುಲ್ಕದಿಂದಲೂ ವಿನಾಯಿತಿ ಕೊಟ್ಟು, ಬದಲಿಗೆ ಸುರಕ್ಷತಾ ಪ್ರಮಾಣೀಕರಣವನ್ನು ಕಡ್ಡಾಯ ಮಾಡಿತು. ಇಬ್ಬರೂ ಮೊದಲು ಗಾತ್ರಕ್ಕೊಂದು ಗೆರೆ ಎಳೆದರು, ಗೆರೆಯ ಕೆಳಗಿನದಕ್ಕೆ ಕಾಗದಪತ್ರ ಕಡಿಮೆ ಮಾಡಿ ಉಪಕರಣದ ಗುಣಮಟ್ಟದ ಮೇಲೆ ಹಿಡಿತ ಇಟ್ಟುಕೊಂಡರು. ನಮ್ಮ ಮಾರುಕಟ್ಟೆಗೆ ಜರ್ಮನಿಯ ಪೆಟ್ಟಿಗೆ ಮಾತ್ರ ಬಂದಿದೆ. ಅದರ ಮೀಟರೂ ಬಂದಿಲ್ಲ, ಗೆರೆಯೂ ಬಂದಿಲ್ಲ.

ಬಾಡಿಗೆದಾರರ ಕಷ್ಟ ಅಲ್ಲಿಗೇ ಮುಗಿಯುವುದಿಲ್ಲ. ಕ್ರಮಬದ್ಧವಾಗಿ ಅರ್ಜಿ ಹಾಕುತ್ತೇನೆ ಎಂದರೂ ಅವರು ಹಾಕುವಂತಿಲ್ಲ. ಒಪ್ಪಂದವಾಗುವುದು ಆರ್.ಆರ್. ಸಂಖ್ಯೆ ಯಾರ ಹೆಸರಿನಲ್ಲಿದೆಯೋ ಅವರೊಡನೆ. ಈ ಮನೆಯ ಎರಡೂ ಮೀಟರುಗಳು ಮನೆಯೊಡತಿಯ ತೀರಿಹೋದ ಪತಿಯ ಹೆಸರಿನಲ್ಲೇ ಇವೆ, ಖಾತೆ ಇನ್ನೂ ಬದಲಾಗಿಲ್ಲ. ಪಿ.ಎಂ. ಸೂರ್ಯಘರ್ ಎಂಬ ಕೇಂದ್ರದ ಛಾವಣಿ ಸೌರ ಯೋಜನೆಯಲ್ಲಿ ಮೊದಲ ಎರಡು ಕಿಲೋವಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿವರೆಗೆ ಸಬ್ಸಿಡಿ ಇದ್ದರೂ ಅದು ಸ್ವಂತ ಮನೆ, ಸ್ವಂತ ಛಾವಣಿ ಇರುವ ಕುಟುಂಬಕ್ಕೆ. ಗೃಹಜ್ಯೋತಿ ಬಾಡಿಗೆದಾರನನ್ನು ಗುರುತಿಸುತ್ತದೆ; ಸೌರ ನಿಯಮ ಗುರುತಿಸುವುದಿಲ್ಲ. ನಗರದ ಬಾಡಿಗೆ ಮನೆಗಳವರಿಗೆ ಪ್ಲಗ್ ಫಲಕ ಇಷ್ಟು ಆಕರ್ಷಕವಾಗಿ ಕಾಣುವುದು ಈ ಕಾರಣಕ್ಕೇ, ಮನೆ ಬಿಡುವಾಗ ಅದನ್ನೂ ಲಗೇಜಿನ ಜೊತೆ ಲಾರಿಗೆ ಹಾಕಿಕೊಂಡು ಹೋಗಬಹುದು.

ನೋಟಿಸಿಗೆ ನಾವು ಕೊಟ್ಟ ಉತ್ತರ ಒಂದೂವರೆ ಪುಟದ್ದು. ಉಪಕರಣವನ್ನು ಈಗಾಗಲೇ ಕಳಚಲಾಗಿದೆ, ಮೀಟರಿನ ಸೀಲು ಮುಟ್ಟಿಲ್ಲ, ಜೋಡಿಸಿದ್ದರಿಂದ ಬಿಲ್ಲು ಏರಿದೆಯೇ ಹೊರತು ಇಳಿದಿಲ್ಲ, ಕಲಂ 126 ಅಥವಾ 135ರ ಅಂಶಗಳು ಇಲ್ಲಿಲ್ಲ ಎಂದು ಬರೆದು, ಹಿಂದಿನ ಆರು ತಿಂಗಳ ಮತ್ತು ಎರಡು ವಿವಾದಿತ ತಿಂಗಳ ಬಿಲ್ಲುಗಳ ಪ್ರತಿ ಲಗತ್ತಿಸಿದೆವು. ಹೆಚ್ಚುವರಿ ಎಣಿಕೆಯ ಮೊತ್ತವನ್ನು ಹೊಂದಾಣಿಕೆ ಮಾಡಿಕೊಡಬೇಕೆಂದೂ ಕೋರಿದೆವು. ಕಚೇರಿಯ ಎಂಜಿನಿಯರ್ ಬಂದು ಪರಿಶೀಲಿಸಿ, ಹಿಮ್ಮುಖ ಹರಿವು ನಿಂತಿರುವುದನ್ನು ಖಚಿತಪಡಿಸಿಕೊಂಡು, ಎಚ್ಚರಿಕೆಯೊಂದಿಗೆ ವಿಷಯ ಮುಕ್ತಾಯಗೊಳಿಸಿದರು. ಹಣದ ಕೋರಿಕೆಗೆ ಮಾತ್ರ, ಮೀಟರ್ ತನ್ನ ವಿನ್ಯಾಸದಂತೆಯೇ ಎಣಿಸಿದೆ ಎಂಬ ಉತ್ತರ ಬಂತು. ಸರಿಯಾದ ಮೀಟರಿನ ಮೂಲಕವೇ ಸರಬರಾಜು ಆಗಬೇಕೆಂದು ಹೇಳುವ ಕಲಂ 55ನ್ನು ಹಿಡಿದು ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆಯ ಮುಂದೆ ಹೋಗೋಣ, ಹೊರಕ್ಕೆ ಹೋದ ಕರೆಂಟಿಗೆ ಬಿಲ್ ಮಾಡಬಹುದೆ ಎಂಬ ಪ್ರಶ್ನೆಗೆ ಒಂದು ತೀರ್ಮಾನವಾದರೂ ಸಿಗಲಿ ಎಂದು ನಾನು ಒತ್ತಾಯಿಸಿದೆ. ಎರಡು ತಿಂಗಳಿಗೂ ಸೇರಿ ಕೆಲವು ನೂರು ರೂಪಾಯಿಗಾಗಿ ಕಾಲೇಜಿಗೆ ರಜೆ ಹಾಕಲಾರೆ ಎಂದು ಅವರು ಒಪ್ಪಲಿಲ್ಲ. ಅವರ ಲೆಕ್ಕ ತಪ್ಪಲ್ಲ, ಆದರೆ ನನಗೆ ಆ ಕೊರಗು ಉಳಿದಿದೆ.

ಈಗ ಆ ಫಲಕ ಬಾಲ್ಕನಿಯಲ್ಲೇ ಇದೆ. ಮೈಕ್ರೋ ಇನ್ವರ್ಟರನ್ನು ತೆಗೆದು, ಚಾರ್ಜ್ ಕಂಟ್ರೋಲರ್ ಮೂಲಕ 24 ವೋಲ್ಟ್‌ನ ಬ್ಯಾಟರಿಗೆ ಜೋಡಿಸಿ, ಅದರಿಂದ ಎರಡು ಡಿ.ಸಿ. ಫ್ಯಾನು, ನಾಲ್ಕು ದೀಪ, ಇಂಟರ್ನೆಟ್ ಪೆಟ್ಟಿಗೆ ನಡೆಸುತ್ತಿದ್ದಾರೆ. ಮನೆಯ ವೈರಿಂಗಿಗೆ ಇದು ಎಲ್ಲೂ ತಾಗದ ಕಾರಣ ಕಂಪನಿಯ ಅನುಮತಿಯ ಪ್ರಶ್ನೆಯೇ ಏಳುವುದಿಲ್ಲ. ಸ್ಕೂಟರ್ ಚಾರ್ಜಿಂಗ್ ಮಾತ್ರ ಮೊದಲಿನಂತೆ ಮೀಟರಿನಿಂದಲೇ. ಇಷ್ಟೆಲ್ಲ ನೋಡಿದ ಮನೆಯೊಡತಿಗೆ ಸೌರಶಕ್ತಿಯ ಮೇಲೆ ಮನಸ್ಸಾಗಿದೆ, ಏಕೆಂದರೆ ಮಗ ಹಾಕಿಸಿಕೊಟ್ಟ ಎ.ಸಿ.ಯಿಂದ ಬೇಸಿಗೆಯಲ್ಲಿ ಅವರ ಬಳಕೆ 200 ಯೂನಿಟ್ ದಾಟಿ ಪೂರ್ತಿ ಬಿಲ್ಲು ಬರುತ್ತಿದೆ. ಹೆಸರು ಬದಲಾವಣೆಗೆ ಕಾಗದ ಕೊಟ್ಟಿದ್ದಾರೆ; ಅದಾದ ಮೇಲೆ ಎರಡು ಕಿಲೋವಾಟಿಗೆ ಅರ್ಜಿ. ಎರಡು ದಿಕ್ಕಿನ ಮೀಟರ್ ಕೂರುವುದು ಕೆಳಮನೆಯ ಆರ್.ಆರ್. ಸಂಖ್ಯೆಗೆ. ಅದೇ ಛಾವಣಿಯ ಕೆಳಗಿರುವ ಮೇಲ್ಮನೆಯ ಬಿಲ್ಲಿಗೆ ಅದರ ಒಂದು ಯೂನಿಟ್ಟೂ ಸೇರುವುದಿಲ್ಲ.